ಹುಳುಮನೆಗೆ ಬಂದ ಲ್ಯಾಬು

ನಾನು ನಾಲ್ಕು ವರ್ಷ ಕೆಲಸ ಮಾಡಿದ ಲ್ಯಾಬಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಭಯಕ್ಕಲ್ಲ, ಬರೆಯುವಷ್ಟು ಮರ್ಯಾದೆ ಅದಕ್ಕೆ ಕೊಡಬೇಕೆಂದು ಅನ್ನಿಸುತ್ತಿಲ್ಲ. ಚಿಕ್ಕಬಳ್ಳಾಪುರದ ಆಚೆ, ಒಂದು ಕಾಲಕ್ಕೆ ದ್ರಾಕ್ಷಿ ಚಪ್ಪರವಿದ್ದ ಜಾಗದಲ್ಲಿ ಎದ್ದ ವಿಶ್ವವಿದ್ಯಾಲಯ ಅದು. ಮೂರನೇ ಮಹಡಿಯಲ್ಲಿ, ಕಿಟಕಿಗಳಿಗೆಲ್ಲ ಕಪ್ಪು ಪರದೆ ಎಳೆದ ಎರಡು ಕೋಣೆ ನಮ್ಮದು. ಒಂದರಲ್ಲಿ ತಲೆಗೆ ಕಟ್ಟಿಕೊಳ್ಳುವ ದಪ್ಪ ಕನ್ನಡಕಗಳಿದ್ದವು. ಅದನ್ನು ಹಾಕಿಕೊಂಡರೆ ಕೂತಲ್ಲೇ ಇನ್ನೊಂದು ಊರಿನಲ್ಲಿರುತ್ತೀರಿ. ಕತ್ತು ತಿರುಗಿಸಿದ ಕಡೆಗೆಲ್ಲ ಆ ಊರೇ ಕಾಣುತ್ತದೆ. ಇನ್ನೊಂದು ಕೋಣೆಯಲ್ಲಿ ಕೃತಕ ಬುದ್ಧಿಮತ್ತೆಯ ಕಂಪ್ಯೂಟರುಗಳು. ಅವುಗಳಿಗೆ ಎರಡು ಎಸಿ, ನಮಗೆ ಒಂದು ಫ್ಯಾನು.

ನನ್ನ ಕೆಲಸ ಚೌಕ ಎಳೆಯುವುದು. ಚಿಂತಾಮಣಿಯಲ್ಲಿ ಡಿಪ್ಲೊಮಾ ಮುಗಿಸಿ ಬಂದವಳಿಗೆ ಅವರು ಕೊಟ್ಟ ಹುದ್ದೆಯ ಹೆಸರು ದೊಡ್ಡದಿತ್ತು, ಕೆಲಸ ಇಷ್ಟೇ. ಪರದೆಯ ಮೇಲೆ ರೇಷ್ಮೆಹುಳುಗಳ ಫೋಟೋ ಬರುತ್ತದೆ. ಒಂದೊಂದು ಹುಳುವಿನ ಸುತ್ತಲೂ ಚೌಕ ಎಳೆದು, ಇದು ಆರೋಗ್ಯದ್ದು, ಇದು ರೋಗದ್ದು ಎಂದು ಗುರುತು ಹಾಕಬೇಕು. ಸಾವಿರ ಸಲ ಹಾಗೆ ತೋರಿಸಿದರೆ ಕಂಪ್ಯೂಟರು ತಾನೇ ಕಲಿತು, ಮುಂದೆ ರೈತನಿಗೆ ಬುದ್ಧಿ ಹೇಳುತ್ತದಂತೆ. ರೈತರ ಮನೆಯಲ್ಲಿ ಬೆಳೆದ ನಾನು ಅದಕ್ಕೆ ಅಕ್ಷರಾಭ್ಯಾಸ ಮಾಡಿಸುತ್ತಿದ್ದೆ. ಸಭೆಗಳಲ್ಲಿ ಮಾತ್ರ ಅದರ ಬುದ್ಧಿಯನ್ನೇ ಹೊಗಳುತ್ತಿದ್ದರು. ಕಲಿಸಿದವಳು ಹಿಂದಿನ ಸಾಲಿನಲ್ಲಿ ಕೂತು ಬಿಸ್ಕತ್ತು ಹಂಚುತ್ತಿದ್ದಳು.

ಲ್ಯಾಬಿನ ಮುಖ್ಯಸ್ಥರು ಪ್ರೊಫೆಸರು. ಬೆಂಗಳೂರಿನಿಂದ ದಿನಾ ಕಾರಿನಲ್ಲಿ ಬಂದು ಹೋಗುವವರು. ನಮ್ಮ ಸೀಮೆಯ ಬಗ್ಗೆ ಅವರಿಗೆ ಗೊತ್ತಿದ್ದದ್ದು ಬೆಟ್ಟ ಮತ್ತು ದ್ರಾಕ್ಷಿ, ಎರಡೇ. ಒಂದು ದಿನ ಅವರಿಗೆ ಹೊಸ ಯೋಜನೆ ಹೊಳೆಯಿತು. ಕನ್ನಡಕ ಹಾಕಿಕೊಂಡವರು ನಿಜವಾದ ಹುಳುಮನೆಯೊಳಗೆ ನಿಂತ ಹಾಗೆ ಆಗಬೇಕು, ಹುಳು ಸಾಕುವುದನ್ನು ಅಲ್ಲೇ ಕಲಿಯಬೇಕು. ಅದಕ್ಕೆ ಒಂದು ಹುಳುಮನೆ ಬೇಕು. "ನಿಮ್ಮ ಮನೇಲಿ ಸಾಕ್ತಾರಲ್ವಾ?" ಎಂದು ನನ್ನ ಕಡೆ ತಿರುಗಿದರು. ಆ ತಿಂಗಳು ನನ್ನ ಕಾಂಟ್ರಾಕ್ಟ್ ಮುಗಿಯುವುದಿತ್ತು. ಮುಂದುವರಿಸುವುದು ಬಿಡುವುದು ಅವರ ಒಂದು ಸಹಿಯಲ್ಲಿತ್ತು. ನಾನು ಹ್ಞೂಂ ಅಂದೆ.

ನಮ್ಮ ಮನೆಯೆಂದರೆ ಚಿಕ್ಕಮ್ಮನ ಮನೆ. ಜಂಗಮಕೋಟೆಯಿಂದ ಒಳಗೆ ಹೋಗಬೇಕು. ಅಮ್ಮ ತೀರಿಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಚಿಕ್ಕಪ್ಪ ಗೌರಿಬಿದನೂರಿನ ಕಾರ್ಖಾನೆಯಲ್ಲಿದ್ದು ವಾರಕ್ಕೊಮ್ಮೆ ಬರುತ್ತಾನೆ. ಹೊಲ, ಹಸು, ಹುಳು ಎಲ್ಲ ಅವಳದೇ. ಅವಳ ಹುಳುಮನೆ ಬಾಣಂತಿ ಕೋಣೆಗಿಂತ ಬಿಗಿ. ಚಪ್ಪಲಿ ಹೊರಗೆ, ಕಾಲಿಗೆ ಸುಣ್ಣ, ಕೈಗೆ ಸೋಪು. ತಲೆಗೆ ಘಮಘಮ ಎಣ್ಣೆ ಹಚ್ಚಿದ್ದರೆ ಒಳಗೆ ಬಿಡುತ್ತಿರಲಿಲ್ಲ. ಪೌಡರು, ಊದುಬತ್ತಿ, ಸೊಳ್ಳೆಬತ್ತಿ, ಒಂದೂ ಇಲ್ಲ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಗೆಳತಿಯ ಸೆಂಟು ಹಾಕಿಕೊಂಡು ಬಂದು, ಬಾಗಿಲಲ್ಲೇ ಬೆನ್ನಿಗೆ ಎರಡು ಬಿದ್ದಿದ್ದವು. ಹುಳುವಿಗೆ ಯಾವ ವಾಸನೆ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನು ನಾನು ಪುಸ್ತಕ ಓದಿ ತಿಳಿದವಳಲ್ಲ.

ಚಿಕ್ಕಮ್ಮ ಮೊದಲು ಆಗುವುದೇ ಇಲ್ಲ ಅಂದಳು.

"ಹೊರಗಿನೋರು ಬೇಡ ಕಣೇ. ನಾಕನೇ ಜ್ವರ ಎದ್ದೈತೆ, ಇನ್ನೇನು ಹಣ್ಣಾಗೋ ಹುಳ."

ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಮೇವು ಬಿಟ್ಟು ಮಂಕಾಗಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ಜ್ವರ ಅನ್ನುತ್ತೇವೆ. ನಾಲ್ಕನೆಯದು ಎದ್ದ ಮೇಲೆ ಒಂದು ವಾರ ತಿಂದದ್ದೇ ತಿಂದದ್ದು, ಆಮೇಲೆ ಹಣ್ಣಾಗಿ ಗೂಡು ಕಟ್ಟುತ್ತದೆ. ಕೆಡುವುದಾದರೆ ಆಗಲೇ ಕೆಡಬೇಕು, ಎಲ್ಲ ಕಷ್ಟ ಮುಗಿದ ಮೇಲೆ.

"ನಾನಿರ್ತೀನಲ್ಲ ಚಿಕ್ಕಮ್ಮ," ಅಂದೆ. ಅವಳು ಒಪ್ಪಿದ್ದು ಆ ಮಾತಿಗೆ. ಲ್ಯಾಬಿಗಲ್ಲ, ಪ್ರೊಫೆಸರಿಗಲ್ಲ.

ಅವರು ಬಂದದ್ದು ಮಧ್ಯಾಹ್ನ. ಕ್ಯಾಮೆರಾ ಹೊತ್ತ ಇಬ್ಬರು ಚಪ್ಪಲಿ ಬಿಟ್ಟು, ಕಾಲಿಗೆ ಸುಣ್ಣ ಹಚ್ಚಿಕೊಂಡು, ಹೇಳಿದ ಹಾಗೆ ಕೇಳಿದರು. ಪ್ರೊಫೆಸರು ಶೂ ಬಿಟ್ಟರು, ಸಾಕ್ಸು ಬಿಡಲಿಲ್ಲ. ಚಿಕ್ಕಮ್ಮ ಅದನ್ನು ನೋಡಿ ನನ್ನ ಮುಖ ನೋಡಿದಳು. ನಾನು ಆಚೆ ನೋಡಿದೆ. ಅಷ್ಟರಲ್ಲಿ ಹುಳುವಿಗೆ ಹಿಪ್ಪುನೇರಳೆ ಸೊಪ್ಪಿನ ಹೊತ್ತಾಗಿತ್ತು. "ನೀನಿದೀಯಲ್ಲ, ನೋಡ್ಕೋ" ಎಂದು ಹೇಳಿ ತೋಟಕ್ಕೆ ಹೋದಳು.

ಕೋಣೆಯ ನಡುವೆ ಕಂಬದ ಮೇಲೆ ಕ್ಯಾಮೆರಾ ನಿಲ್ಲಿಸಿದರು. ಅದಕ್ಕೆ ಸುತ್ತಲೂ ಕಣ್ಣು. ಹಿಂದೆ ಮುಂದೆ ಎಂಬುದೇ ಇಲ್ಲ. ಚಾಲೂ ಮಾಡಿ ಆ ಇಬ್ಬರೂ ಹೊರಗೆ ಓಡಿದರು. ಪ್ರೊಫೆಸರು ಬಾಗಿಲ ಬಳಿ ಉಳಿದರು, ನಾನು ಅವರ ಪಕ್ಕ. ಮೊದಲಿನ ಕೆಲವು ನಿಮಿಷ ಬರೀ ಪರೀಕ್ಷೆಗೆ, ಆಮೇಲೆ ಕತ್ತರಿಸುತ್ತೇವೆ ಎಂದಿದ್ದರು. ತೋಟದ ಪಕ್ಕದ ಮನೆ, ಸೊಳ್ಳೆ ಇರಲೇಬೇಕು. ಒಂದೆರಡು ಅವರ ಕಾಲಿಗೆ ಕಚ್ಚಿದವು. ಅವರು ಬ್ಯಾಗಿನಿಂದ ಒಂದು ಡಬ್ಬಿ ತೆಗೆದರು. ಸೊಳ್ಳೆ ಸಾಯಿಸುವ ಸ್ಪ್ರೇ, ಮನೆಯಲ್ಲಿ ಮಂಚದ ಕೆಳಗೆ ಹೊಡೆಯುತ್ತಾರಲ್ಲ, ಅದೇ. ಸಾಕ್ಸಿನ ಮೇಲೆ, ಪ್ಯಾಂಟಿನ ಮೇಲೆ, ಆಮೇಲೆ ಬಾಗಿಲ ಮೂಲೆಗೆ, ಬುಸ್ಸೆಂದು ಹೊಡೆದರು.

ವಾಸನೆ ಮೂಗಿಗೆ ಬಡಿದ ತಕ್ಷಣ ನನಗೆ ಗೊತ್ತಾಯಿತು. ಇಲ್ಲಿ ನಾನು ಏನೂ ಮುಚ್ಚಿಡುವುದಿಲ್ಲ. ಹುಳುವನ್ನೆಲ್ಲ ಆಚೆ ತೆಗೆದು, ಬಾಗಿಲು ಕಿಟಕಿ ತೆರೆದು, ಹೊಸ ಸೊಪ್ಪು ಹಾಕಿದ್ದರೆ ಅರ್ಧವಾದರೂ ಉಳಿಯುತ್ತಿತ್ತೇನೋ. ಕೂಗಬೇಕಿತ್ತು. "ಸಾರ್, ಏನ್ ಮಾಡ್ತಿದೀರಾ" ಅಂದರೂ ಸಾಕಿತ್ತು. ಬಾಯಿ ಬರಲಿಲ್ಲ. ಆ ಕ್ಷಣದಲ್ಲಿ ನನ್ನ ತಲೆಯಲ್ಲಿದ್ದದ್ದು ಆ ಸಹಿ. ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ನಿಂತೆ.

ಚಿಕ್ಕಮ್ಮ ಸೊಪ್ಪಿನ ಹೊರೆ ಇಳಿಸಿ ಒಳಗೆ ಬಂದವಳೇ, "ಏನೇ ವಾಸ್ನೆ?" ಅಂದಳು.

"ಮಿಷನ್ ಬಿಸಿಯಾಗಿರೋ ವಾಸ್ನೆ," ಅಂದೆ.

ಅವಳು ನಂಬಿದಳು. ನಾನು ಹೇಳಿದ್ದನ್ನು ನಂಬದೆ ಇರಲು ಅವಳಿಗೆ ಅಲ್ಲಿವರೆಗೆ ಕಾರಣವೇ ಇರಲಿಲ್ಲ.

ಮಾರನೆಯ ಬೆಳಗ್ಗೆ ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸತೊಡಗಿದ್ದವು. ಸೊಪ್ಪು ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಸಿರು ನೀರು ಕಕ್ಕಿ, ಮೈ ಕುಗ್ಗಿ, ಒಂದರ ಮೇಲೊಂದು ಬಿದ್ದಿದ್ದವು. ನಾನು ಹಿಂದಿನ ಸಂಜೆಯೇ ಲ್ಯಾಬಿಗೆ ಮರಳಿದ್ದೆ; ಚಿಕ್ಕಮ್ಮ ಫೋನ್ ಮಾಡಿ ಇಷ್ಟು ಹೇಳಿ ಅತ್ತಳು. ನಾನು ಪ್ರೊಫೆಸರಿಗೆ ಹೇಳಿದೆ. ಕಾರಣ ಹೇಳಲಿಲ್ಲ, ಹುಳು ಸಾಯುತ್ತಿವೆ ಎಂದಷ್ಟೇ ಹೇಳಿದೆ. ಅವರ ಮುಖ ಅರಳಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

"ಅಯ್ಯೋ ಪಾಪ," ಅಂದರು. ಆಮೇಲೆ, "ನಮ್ಮ ಹತ್ರ ಕಾಯಿಲೆ ಬಿದ್ದ ಹುಳದ ಡೇಟಾನೇ ಕಮ್ಮಿ ಇತ್ತು. ಬೇಗ ಹೋಗಿ ಫೋಟೋ ತಗೊಂಡ್ ಬನ್ನಿ. ಒಳ್ಳೆ ಬೆಳಕಿರಲಿ."

ಹೋದೆ, ತೆಗೆದೆ. ಚಿಕ್ಕಮ್ಮ ಸತ್ತ ಹುಳುಗಳನ್ನು ಮಂಕರಿಗೆ ತುಂಬಿ ಗುಂಡಿಗೆ ಸುರಿಯುತ್ತಿದ್ದಳು. ನಾನು ಒಳ್ಳೆಯ ಬೆಳಕು ನೋಡಿ ಕ್ಲಿಕ್ಕಿಸುತ್ತಿದ್ದೆ. ಆಮೇಲೆ ಎರಡು ವಾರ ಕೂತು ಅವುಗಳ ಸುತ್ತ ಚೌಕ ಎಳೆದೆ. ಕಾರಣ ಎಂಬ ಜಾಗದಲ್ಲಿ ಆರಿಸಲು ಪಟ್ಟಿಯಿತ್ತು. ನಾನು 'ವಿಷ' ಎಂದು ಒತ್ತಿದೆ. ಅದು ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಕಲಿತ ಕಂಪ್ಯೂಟರಿಗೆ ಪ್ರೊಫೆಸರು ಅದೇ ಹುಳುಗಳ ಫೋಟೋ ತೋರಿಸಿದರು. ಅದು 'ವಿಷ' ಎಂದಿತು. ನಾನು ಹೇಳಿಕೊಟ್ಟದ್ದನ್ನೇ ನನಗೆ ಒಪ್ಪಿಸಿತು. ಅದನ್ನು ಕಾಗದದ ಮೇಲೆ ಮುದ್ರಿಸಿ, ಲ್ಯಾಬಿನ ಲಾಂಛನ ಹಾಕಿ, ಚಿಕ್ಕಮ್ಮನಿಗೆ ಕಳಿಸಿಕೊಟ್ಟರು. ರೈತ ಸೇವೆಯಂತೆ.

ವಿಷ ಎಂದು ಕಂಪ್ಯೂಟರು ಹೇಳಿತು. ಯಾರ ವಿಷ ಎಂದು ಊರು ಹೇಳಿತು.

ಚಿಕ್ಕಮ್ಮನ ಸೊಪ್ಪಿನ ತೋಟದ ಪಕ್ಕಕ್ಕೇ ಟೊಮೇಟೊ ಹಾಕಿದ್ದವರು ಒಬ್ಬರಿದ್ದರು. ನಾನು ಅವರನ್ನು ದೊಡ್ಡಪ್ಪ ಅನ್ನುತ್ತೇನೆ, ಚಿಕ್ಕಮ್ಮ ಅಣ್ಣ ಅನ್ನುತ್ತಾಳೆ; ರಕ್ತಸಂಬಂಧ ಇಲ್ಲ, ಬದುವಿನ ಸಂಬಂಧ. ನಮ್ಮ ಕಡೆ ಪಕ್ಕದ ಹೊಲದವರು ಔಷಧಿ ಹೊಡೆಯುವ ಮುಂಚೆ ಬಂದು "ಹುಳ ಯಾವ ಜ್ವರದಲ್ಲಿದೆ?" ಎಂದು ಕೇಳುವುದು ವಾಡಿಕೆ. ದೊಡ್ಡ ಹುಳುವಿದ್ದರೆ ಹೊಡೆಯುವುದಿಲ್ಲ, ಗಾಳಿ ಈ ಕಡೆಗಿದ್ದರೂ ಹೊಡೆಯುವುದಿಲ್ಲ. ದೊಡ್ಡಪ್ಪ ಒಂದು ಸಲವೂ ಕೇಳದೆ ಪಂಪು ಹೆಗಲಿಗೇರಿಸಿದವರಲ್ಲ. ಆ ಸಲವೂ ಕೇಳಿದ್ದರು. ಗಾಳಿ ಆಚೆ ಕಡೆ ಬೀಸುವ ದಿನ ನೋಡಿ, ದೂರದ ನಾಲ್ಕು ಸಾಲಿಗೆ ಮಾತ್ರ ಹೊಡೆದಿದ್ದರು. ಅದು ನಡೆದದ್ದು ಲ್ಯಾಬಿನವರು ಬರುವುದಕ್ಕೆ ನಾಲ್ಕು ದಿನ ಮುಂಚೆ. ಆದರೆ ಚಿಕ್ಕಮ್ಮನ ಕೈಯಲ್ಲಿ ಲ್ಯಾಬಿನ ಕಾಗದವಿತ್ತು.

ಚಿಕ್ಕಮ್ಮ ಹಾಲಿನ ಡೈರಿಯ ಮುಂದೆ, ಎಲ್ಲರೂ ಹಾಲು ಹಾಕುವ ಹೊತ್ತಿನಲ್ಲಿ, ಹಿಡಿ ಮಣ್ಣು ತೂರಿ ಅವರಿಗೆ ಶಾಪ ಹಾಕಿದಳು.

"ಮಿಷನ್ನೇ ಹೇಳೈತೆ ಕಣಣ್ಣ, ಇನ್ನೇನು ಬಾಯಿ ಬಿಡ್ತೀಯ?"

ದೊಡ್ಡಪ್ಪ ಬಾಯಿ ಬಿಟ್ಟರು. "ನಿನ್ನ ಕೇಳೇ ಹೊಡ್ದಿದ್ದು ಕಣಮ್ಮಾ. ದೇವ್ರಾಣೆ" ಅಂದರು. ಮಿಷನ್ನಿನ ಎದುರು ದೇವರ ಆಣೆ ಯಾರು ಕೇಳುತ್ತಾರೆ? ಅವರು ಡೈರಿ ಸಂಘದ ಅಧ್ಯಕ್ಷರಾಗಿದ್ದವರು. ವಿಷ ಹೊಡೆದವನ ಕೈಯಲ್ಲಿ ಹಾಲಿನ ಲೆಕ್ಕವೇ ಎಂದು ಯಾರೋ ಆಡಿದ ಮಾತು ಕಿವಿಗೆ ಬಿದ್ದ ದಿನವೇ ಆ ಹುದ್ದೆ ಬಿಟ್ಟರು. ಡೈರಿಗೆ ಬರುವುದನ್ನೇ ಬಿಟ್ಟರು. ಹಾಲನ್ನು ಹೆಂಡತಿಯ ಕೈಯಲ್ಲಿ ಕಳಿಸುತ್ತಿದ್ದರು. ನಾನು ರಜೆಗೆ ಹೋದಾಗ ಅವರ ಮನೆಯ ಮುಂದಿನ ದಾರಿ ಬಿಟ್ಟು ಸುತ್ತಿ ಹೋಗುತ್ತಿದ್ದೆ. ನನ್ನ ಕಾಂಟ್ರಾಕ್ಟು ಮುಂದುವರಿದಿತ್ತು.

ಏಳು ತಿಂಗಳಾದ ಮೇಲೆ ವಿಶ್ವವಿದ್ಯಾಲಯಕ್ಕೆ ಯಾರೋ ದೊಡ್ಡವರು ಬರುವುದಿತ್ತು. ಕನ್ನಡಕದ ಹುಳುಮನೆ ತಯಾರಾಗಿತ್ತು. ಪ್ರೊಫೆಸರಿಗೆ ಒಬ್ಬ ರೈತ ಮಹಿಳೆ ಬೇಕಿತ್ತು, ಫೋಟೋಗೆ. ವ್ಯಾನ್ ಕಳಿಸಿ ಚಿಕ್ಕಮ್ಮನನ್ನು ಕರೆಸಿದರು. ರೇಷ್ಮೆ ಸೀರೆ ಉಟ್ಟು ಬರಲು ಹೇಳಿ ಎಂದು ನನಗೆ ತಾಕೀತು ಮಾಡಿದ್ದರು. ಅತಿಥಿಗಳು ಒಬ್ಬೊಬ್ಬರಾಗಿ ಕನ್ನಡಕ ಹಾಕಿ, ತಮ್ಮ ಮೂಗಿನ ಮುಂದೆ ಸೊಪ್ಪು ಮೇಯುವ ಹುಳುಗಳನ್ನು ನೋಡಿ, ಮಕ್ಕಳ ಹಾಗೆ ಕೈ ಚಾಚಿ, ಅದ್ಭುತ ಅದ್ಭುತ ಅಂದರು. ಎಲ್ಲರೂ ಮುಂದಕ್ಕೇ ನೋಡಿದರು. ತೋರಿಸಿದ್ದನ್ನು ನೋಡುವುದು ಅತಿಥಿಗಳ ಗುಣ.

ಚಿಕ್ಕಮ್ಮನ ಸರದಿ ಬಂತು. ಕನ್ನಡಕ ಕಟ್ಟಿದ ಕೂಡಲೇ "ನನ್ನ ಹುಳ" ಅಂದಳು. ಸತ್ತುಹೋದ ಅವಳ ಹುಳುಗಳೆಲ್ಲ ಅಲ್ಲಿ ಬದುಕಿ ಮೇಯುತ್ತಿದ್ದವು. ಸುತ್ತ ನಿಂತವರು ಮೆಚ್ಚಿ ನಕ್ಕರು. ಅವಳು ಮಾತ್ರ ಅತಿಥಿಯಲ್ಲ. ಹುಳುಮನೆಯಲ್ಲಿ ನಿಂತ ಯಾವ ಹೆಂಗಸೂ ಬಾಗಿಲ ಕಡೆ ಒಂದು ಕಣ್ಣಿಡದೆ ಇರುವುದಿಲ್ಲ. ಪರದೆ ಸರಿಸಿದ ಒಂದು ಗಳಿಗೆಯಲ್ಲಿ ಊಜಿ ನೊಣ ಒಳಗೆ ಬಂದು ಹುಳುವಿನ ಮೇಲೆ ಮೊಟ್ಟೆಯಿಟ್ಟುಬಿಡುತ್ತದೆ. ಕುರ್ಚಿಯಲ್ಲಿ ಕೂತಿದ್ದ ಚಿಕ್ಕಮ್ಮ ಎದ್ದು, ಪೂರ್ತಿ ಹಿಂದಕ್ಕೆ ತಿರುಗಿದಳು. ನಮಗೆಲ್ಲ ಬೆನ್ನು ಹಾಕಿ, ಕಪ್ಪು ಪರದೆಯ ಕಡೆ ಮುಖ ಮಾಡಿ, ಬಹಳ ಹೊತ್ತು ಅಲುಗದೆ ನಿಂತಳು. ಪರೀಕ್ಷೆಯ ಆ ನಿಮಿಷಗಳನ್ನು ಕತ್ತರಿಸಲು ಮರೆತಿದ್ದರು.

"ಹೇಗಿದೆ ಅಮ್ಮ?" ಪ್ರೊಫೆಸರು ಕೇಳಿದರು.

"ಎಲ್ಲಾ ಚೆನ್ನಾಗಿ ಕಾಣ್ಸುತ್ತೆ ಸಾರ್," ಅಂದಳು.

ವ್ಯಾನಿನವರೆಗೆ ಬಿಡಲು ಹೋದಾಗ ನನ್ನ ಕೈ ಹಿಡಿದಳು. "ನಿಮ್ಮ ಸಾರು ಬಾಗ್ಲಲ್ಲಿ ನಿಂತು ಏನೋ ಹೊಡೀತಾನೆ. ನಾನು ಹೇಳಿದ್ರೆ ಅಣ್ಣ ನಂಬಲ್ಲ. ಅದನ್ನ ನೀನೇ ತಂದು ಅವ್ರಿಗೆ ತೋರ್ಸು." ನನ್ನ ಬಗ್ಗೆ ಏನೂ ಅನ್ನಲಿಲ್ಲ. ನಾನು ನಿಂತಿದ್ದ ಮೂಲೆ ಅವಳಿಗೆ ಕಾಣಲಿಲ್ಲವೇನೋ ಎಂದುಕೊಂಡು, ನಾಚಿಕೆಗೆಟ್ಟವಳು ನಾನು, ಸಮಾಧಾನಪಟ್ಟೆ.

ಅವಳು ತಿರುಗಿ ನಿಂತದ್ದು ಪ್ರೊಫೆಸರಿಗೂ ಕೊರೆದಿರಬೇಕು. ಅತಿಥಿಗಳು ಹೋದ ಮೇಲೆ ಅವರೇ ಕನ್ನಡಕ ಹಾಕಿ ಹಿಂದಕ್ಕೆ ತಿರುಗಿದರು. ತೆಗೆದಾಗ ಮುಖ ಬಿಳಿಚಿರಲಿಲ್ಲ, ಬೇಸರಗೊಂಡಿತ್ತು, ಅಷ್ಟೆ. "ಹಿಂದ್ಗಡೆ ಜನ ನಿಂತಿದಾರೆ, ಚೆನ್ನಾಗಿ ಕಾಣಲ್ಲ. ಕ್ಲೀನ್ ಮಾಡಿಬಿಡಿ," ಅಂದರು ನನಗೆ. ಹುಳು ಸತ್ತದ್ದು ಯಾಕೆಂದು ಅವರಿಗೆ ಆಗ ಹೊಳೆಯಿತೇ? ಹೊಳೆದಿರಬೇಕು. ಹಾಳಾಗಿ ಹೋಗಲಿ ಎಂದು ನಾನು ಮನಸಾರೆ ಬೈದುಕೊಂಡೆ.

ಕ್ಲೀನ್ ಮಾಡುವುದೆಂದರೆ ನಮ್ಮಲ್ಲಿ ಅರ್ಧ ಗಂಟೆಯ ಕೆಲಸ. ಮನುಷ್ಯನ ಸುತ್ತ ಚೌಕ ಎಳೆದರೆ ಕೃತಕ ಬುದ್ಧಿಮತ್ತೆ ಅವನನ್ನು ಅಳಿಸಿ, ಅವನ ಹಿಂದೆ ಏನಿದ್ದಿರಬಹುದೋ ಅದನ್ನು ತಾನೇ ಊಹಿಸಿ ತುಂಬುತ್ತದೆ. ಊಟದ ಹೊತ್ತಿನಲ್ಲಿ ಎಲ್ಲರೂ ಕ್ಯಾಂಟೀನಿಗೆ ಹೋದಾಗ ಕೂತೆ. ಪ್ರೊಫೆಸರ ಸುತ್ತ ಒಂದು ಚೌಕ, ನನ್ನ ಸುತ್ತ ಒಂದು. ಇಬ್ಬರೂ ಮಾಯ. ಅವತ್ತು ತೆರೆದಿದ್ದ ಬಾಗಿಲನ್ನು ಅದು ಮುಚ್ಚಿಯೂ ಬಿಟ್ಟಿತು, ಪಕ್ಕಕ್ಕೆ ಇಲ್ಲದ ಒಂದು ಬಕೆಟ್ಟನ್ನೂ ಇಟ್ಟಿತು. ಅದನ್ನು ಲ್ಯಾಬಿಗೆ ಕೊಟ್ಟೆ. ಈಗಲೂ ಅತಿಥಿಗಳಿಗೆ ತೋರಿಸುತ್ತಿರುವುದು ಅದನ್ನೇ.

ಮೂಲ ವಿಡಿಯೋವನ್ನು ನನ್ನ ಫೋನಿಗೆ ಹಾಕಿಕೊಂಡೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಇನ್ನೊಂದು ಪ್ರತಿ ಮಾಡಿದೆ. ಅದರಲ್ಲಿ ಪ್ರೊಫೆಸರು ಇದ್ದಾರೆ, ಡಬ್ಬಿ ಇದೆ, ಹೊಗೆಯ ಹಾಗೆ ಹಾರುವ ಸ್ಪ್ರೇ ಇದೆ. ನಾನು ಇಲ್ಲ. ದೊಡ್ಡಪ್ಪನ ಹೆಸರು ತೊಳೆಯಲು ಇಷ್ಟು ಸಾಕಲ್ಲ, ನಾನು ಅಲ್ಲಿದ್ದರೇನು ಬಿಟ್ಟರೇನು ಎಂದು ವಾದ ಹೂಡಿಕೊಂಡೆ. ಪ್ರೊಫೆಸರ ಮೇಲಿನ ಸಿಟ್ಟು ಎಷ್ಟಿತ್ತೆಂದರೆ, ಅವರು ಮಾಡಿದ್ದನ್ನೇ ಮಾಡುತ್ತಿದ್ದೇನೆ ಎಂದು ನನಗೆ ಅನ್ನಿಸಲೇ ಇಲ್ಲ.

ಆ ಭಾನುವಾರ ಚಿಕ್ಕಮ್ಮನ ಜೊತೆ ದೊಡ್ಡಪ್ಪನ ಮನೆಗೆ ಹೋದೆ. ಏಳು ತಿಂಗಳಾದ ಮೇಲೆ ಅವಳು ಆ ಹೊಸಿಲು ತುಳಿದದ್ದು. ದೊಡ್ಡಪ್ಪ ಜಗಲಿಯ ಮೇಲೆ ಕೂತಿದ್ದರು. "ಏಮಮ್ಮಾ, ಇನ್ನೂ ಮಣ್ಣು ತೂರೋದು ಬಾಕಿ ಐತಾ?" ಅಂದರು. ಚಿಕ್ಕಮ್ಮ ಅವರ ಕಾಲ ಬಳಿ ನೆಲದ ಮೇಲೆ ಕೂತಳು. ನಾನು ನನ್ನ ಪ್ರತಿಯನ್ನು ತೆರೆದು, ಫೋನನ್ನು ಅವರ ಕೈಗಿಟ್ಟು, ಬೆರಳಿನಿಂದ ಎಳೆದರೆ ಚಿತ್ರ ಸುತ್ತ ತಿರುಗುತ್ತದೆ ಎಂದು ತೋರಿಸಿದೆ. ದೊಡ್ಡಪ್ಪ ಎಳೆದರು. ಹುಳು, ಅವು ಮೇಯುವ ಸ್ಟ್ಯಾಂಡು, ಗೋಡೆ, ಬಾಗಿಲು, ಪ್ರೊಫೆಸರು. ಸ್ಪ್ರೇ ಹಾರಿದ್ದನ್ನು ಎರಡು ಸಲ ನೋಡಿದರು.

"ಇದನ್ನ ಡೈರಿ ಹತ್ರ ಎಲ್ರಿಗೂ ತೋರಿಸ್ಬೇಕು," ಅಂದರು.

"ತೋರಿಸ್ತೀನಿ ದೊಡ್ಡಪ್ಪ," ಅಂದೆ. ನನಗೆ ಎದೆ ಹಗುರಾಯಿತು. ಪ್ರೊಫೆಸರನ್ನು ಮನಸ್ಸು ತಣಿಯುವಷ್ಟು ಬೈದೆ. ಓದಿದ ಮೂರ್ಖ, ಸಾಕ್ಸು ಬಿಚ್ಚದವನು, ರೈತರ ಹೆಸರಲ್ಲಿ ಹಾರ ಹಾಕಿಸಿಕೊಳ್ಳುವವನು ಎಂದೆಲ್ಲ ಬೈದೆ. ಚಿಕ್ಕಮ್ಮ ದೊಡ್ಡಪ್ಪನ ಕೈಯಿಂದ ಫೋನು ತೆಗೆದುಕೊಂಡಳು. ಅವಳೂ ಬೆರಳಿನಿಂದ ಎಳೆದು, ಬಾಗಿಲ ಹತ್ತಿರ ನಿಲ್ಲಿಸಿ, ಕಣ್ಣು ಕಿರಿದು ಮಾಡಿ ನೋಡಿದಳು.

"ನೀನೆಲ್ಲೇ ಇದ್ರಲ್ಲಿ?"

"ನಾನು ಹೊರಗಿದ್ದೆ ಚಿಕ್ಕಮ್ಮ."

ಅವಳು ತಲೆ ಎತ್ತಲಿಲ್ಲ. "ಅವ್ನ ಪಕ್ಕದಲ್ಲೇ ಇದ್ದೆ. ದುಪಟ್ಟಾ ಮೂಗಿಗೆ ಇಟ್ಕೊಂಡಿದ್ದೆ. ಕನ್ನಡಕದಲ್ಲಿ ನೋಡಿದೀನಿ ಕಣೇ. ನೀನೇ ಬಾಯಿಬಿಟ್ಟು ಹೇಳ್ಲಿ ಅಂತ ಸುಮ್ನಿದ್ದೆ."

ಫೋನನ್ನು ವಾಪಸು ಕೊಟ್ಟಳು. ಮೂಲ ವಿಡಿಯೋ ತೆರೆದು ದೊಡ್ಡಪ್ಪನ ಕೈಗಿಟ್ಟೆ. ಅವರು ಬಾಗಿಲಿಗೆ ತಿರುಗಿಸಿ, ಈ ಸಲ ಪ್ರೊಫೆಸರನ್ನು ನೋಡಲಿಲ್ಲ. ಅವರ ಪಕ್ಕದಲ್ಲಿ ಮೂಗು ಮುಚ್ಚಿಕೊಂಡು ನಿಂತವಳನ್ನು ಕೊನೆಯವರೆಗೂ ನೋಡಿದರು. ನಾನು ಬೈಗುಳಕ್ಕೆ ತಯಾರಾಗಿದ್ದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಆ ಸಾರ್‌ನ ಸುಮ್ನೆ ಬೈಬೇಡಮ್ಮ," ಅಂದರು, ಫೋನು ನನ್ನ ಕಡೆ ಚಾಚಿ. "ಅವ್ರಿಗೆ ಗೊತ್ತಿರ್ಲಿಲ್ಲ."